ಬೇಕಾಯಿತು, ಬೇಕಿತ್ತು, ಇರಬೇಕು: ಇಟಾಲಿಯನ್ ‘ದೊವೇರೆ’ಯ ಭೂತಕಾಲವನ್ನು ನಾನು ಹಿಡಿದ ಬಗೆ

ಇಟಾಲಿಯನ್‌ನಲ್ಲಿ ‘ಬೇಕು’ ಅನ್ನುವ ಕಟ್ಟುಪಾಡನ್ನು ಹೇಳುವ ಕ್ರಿಯಾಪದ ‘ದೊವೇರೆ’. ವರ್ತಮಾನದಲ್ಲಿ ಅದರಿಂದ ಏನೂ ತೊಂದರೆಯಿಲ್ಲ. ‘ದೇವೊ ಪಗಾರೆ’ ಅಂದರೆ ನಾನು ದುಡ್ಡು ಕಟ್ಟಬೇಕು, ಅಷ್ಟೇ. ಭೂತಕಾಲಕ್ಕೆ ಕಾಲಿಟ್ಟ ಕೂಡಲೇ ದಾರಿ ಮೂರು ಕಡೆ ಕವಲೊಡೆಯುತ್ತದೆ: ‘ಒ ದೊವೂತೊ ಪಗಾರೆ’, ‘ದೊವೇವೊ ಪಗಾರೆ’, ‘ಅವ್ರೆಯ್ ದೊವೂತೊ ಪಗಾರೆ’. ಇಂಗ್ಲಿಷ್ ಪುಸ್ತಕ ಹಿಡಿದು ಕಲಿತವರ ನೋಟ್‌ಬುಕ್‌ನಲ್ಲಿ ಮೊದಲೆರಡಕ್ಕೂ ‘ಹ್ಯಾಡ್ ಟು’ ಎಂಬ ಒಂದೇ ಅರ್ಥ ಬರೆದಿರುತ್ತದೆ. ಆಮೇಲೆ ಬಾಯಿಗೆ ಯಾವುದು ಮೊದಲು ಬರುತ್ತದೋ ಅದನ್ನೇ ಆಡುತ್ತಾರೆ, ಎದುರಿಗಿರುವ ಇಟಾಲಿಯನ್ನರಿಗೆ ಕೆಲಸ ಆಯಿತೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ನಾನು ಈ ವಿಷಯವನ್ನು ಕಲಿತದ್ದೂ ಈಗ ಕನ್ನಡಿಗರಿಗೆ ಕಲಿಸುವುದೂ ಇಂಗ್ಲಿಷನ್ನು ಪಕ್ಕಕ್ಕಿಟ್ಟು, ನೇರವಾಗಿ ಕನ್ನಡದಿಂದ. ಈ ಒಂದು ಜಾಗದಲ್ಲಿ ಕನ್ನಡ ಇಂಗ್ಲಿಷಿಗಿಂತ ಹರಿತ. ‘ಕಟ್ಟಬೇಕಾಯಿತು’ ಮತ್ತು ‘ಕಟ್ಟಬೇಕಿತ್ತು’ ಒಂದೇ ಎಂದು ಯಾವ ಕನ್ನಡಿಗರೂ ಹೇಳುವುದಿಲ್ಲ. ಇಟಾಲಿಯನ್ ತನ್ನ ಭೂತಕಾಲವನ್ನು ಸೀಳುವುದೂ ಬಹುಮಟ್ಟಿಗೆ ಅದೇ ಗೆರೆಯ ಮೇಲೆ. ಎಲ್ಲಿ ಎರಡೂ ಗೆರೆ ಕೂಡುವುದಿಲ್ಲವೋ ತಪ್ಪುಗಳು ಹುಟ್ಟುವುದು ಅಲ್ಲೇ, ಆದ್ದರಿಂದ ಅಂಥ ಜಾಗಗಳ ಬಗ್ಗೆ ಇಲ್ಲಿ ಹೆಚ್ಚು ಬರೆದಿದ್ದೇನೆ.

ಇಟಾಲಿಯನ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಒತ್ತು ಬೀಳುವ ಸ್ವರವನ್ನು ಸಾಮಾನ್ಯವಾಗಿ ದೀರ್ಘವಾಗಿ ಬರೆದಿದ್ದೇನೆ, ಜೋಡಿ ವ್ಯಂಜನಕ್ಕೆ ಒತ್ತಕ್ಷರ ಹಾಕಿದ್ದೇನೆ. ‘ಒ’, ‘ಆಯ್’, ‘ಆ’, ‘ಅನ್ನೊ’ ಎಂಬ ಸಹಾಯಕ ರೂಪಗಳ ಮುಂದೆ ಇಟಾಲಿಯನ್ ಬರವಣಿಗೆಯಲ್ಲಿ ಒಂದು ‘ಹೆಚ್’ ಇರುತ್ತದೆ, ಅದಕ್ಕೆ ಉಚ್ಚಾರವಿಲ್ಲ.

ಮೊದಲ ಪರೀಕ್ಷೆ: ‘ಆದರೆ ಮಾಡಲಿಲ್ಲ’

‘ಐದು ಗಂಟೆಗೆ ಏಳಬೇಕಾಯಿತು, ಆದರೆ ಏಳಲಿಲ್ಲ.’ ಈ ವಾಕ್ಯ ನಿಲ್ಲುವುದಿಲ್ಲ. ‘ಬೇಕಾಯಿತು’ ಅಂದಮೇಲೆ ಎದ್ದದ್ದಾಯಿತು. ‘ಐದಕ್ಕೆ ಏಳಬೇಕಿತ್ತು, ಆದರೆ ಏಳಲಿಲ್ಲ’ ನಿಲ್ಲುತ್ತದೆ. ‘ಐದಕ್ಕೆ ಏಳಬೇಕಿತ್ತು, ಅದಕ್ಕೇ ಬೇಗ ಮಲಗಿದೆ’ ಎಂಬುದೂ ನಿಲ್ಲುತ್ತದೆ. ಅಂದರೆ ‘ಬೇಕಿತ್ತು’ ಕಟ್ಟುಪಾಡು ಇದ್ದುದನ್ನಷ್ಟೇ ಹೇಳಿ, ಮುಂದೆ ಏನಾಯಿತು ಎಂಬುದನ್ನು ತೆರೆದಿಡುತ್ತದೆ.

ಇಟಾಲಿಯನ್‌ನಲ್ಲಿ ಪಸ್ಸಾತೊ ಪ್ರೊಸ್ಸಿಮೊ (‘ಒ ದೊವೂತೊ’) ಎಂದರೆ ಬೇಕಾಯಿತು, ಇಂಪೆರ್ಫೆತ್ತೊ (‘ದೊವೇವೊ’) ಎಂದರೆ ಬೇಕಿತ್ತು. ‘ಒ ದೊವೂತೊ ಪಗಾರೆ, ಮ ನೊನ್ ಒ ಪಗಾತೊ’ ಎಂದು ಯಾರಾದರೂ ಹೇಳಿದರೆ ಇಟಾಲಿಯನ್ ಕಿವಿಗೂ ಅದು ತನ್ನನ್ನು ತಾನೇ ಕಡಿದುಕೊಳ್ಳುವ ಮಾತು. ‘ದೊವೇವೊ ಪಗಾರೆ, ಮ ನೊನ್ ಅವೇವೊ ಸೋಲ್ದಿ’ (ಕಟ್ಟಬೇಕಿತ್ತು, ಆದರೆ ದುಡ್ಡಿರಲಿಲ್ಲ) ಸರಾಗವಾಗಿ ಹೋಗುತ್ತದೆ. ಆದ್ದರಿಂದ ಅನುಮಾನ ಬಂದಾಗ ಮೊದಲು ಮಾಡಬೇಕಾದದ್ದು ಕನ್ನಡದಲ್ಲಿ ವಾಕ್ಯ ಕಟ್ಟಿ, ಕೊನೆಗೆ ‘ಆದರೆ ಮಾಡಲಿಲ್ಲ’ ಎಂದು ಸೇರಿಸಿ ನೋಡುವುದು. ಸೇರಿದರೆ ಇಂಪೆರ್ಫೆತ್ತೊ, ಸೇರದಿದ್ದರೆ ಪಸ್ಸಾತೊ ಪ್ರೊಸ್ಸಿಮೊ.

ಇದಕ್ಕೆ ಒಂದು ಹೊರತಿದೆ. ‘ದಿನಾ ಎರಡು ಬಸ್ ಬದಲಾಯಿಸಬೇಕಾಗುತ್ತಿತ್ತು’ ಎನ್ನುವಾಗ ಕೆಲಸ ನಡೆದೇ ಇದೆ, ಆದರೂ ಇಟಾಲಿಯನ್‌ನಲ್ಲಿ ಇಂಪೆರ್ಫೆತ್ತೊವೇ ಬರಬೇಕು: ‘ದೊವೇವೊ ಕಂಬಿಯಾರೆ ದೂಯೆ ಆವ್ತೊಬುಸ್ ಓಞ್ಞಿ ಜೋರ್ನೊ’. ರೂಢಿಯಾಗಿ ಮರುಕಳಿಸುತ್ತಿದ್ದುದಕ್ಕೆ ಆ ಕಾಲವೇ ಸರಿ. ಕನ್ನಡದಲ್ಲಿ ‘-ತ್ತಿತ್ತು’ ಕಂಡರೆ ಎರಡನೇ ಯೋಚನೆ ಬೇಡ. ಆದರೆ ಅವಧಿಗೆ ಬೇಲಿ ಹಾಕಿ ‘ಮೂರು ತಿಂಗಳು ಎರಡು ಬಸ್ ಹಿಡಿಯಬೇಕಾಯಿತು’ ಎಂದರೆ ‘ಪೆರ್ ತ್ರೆ ಮೇಸಿ ಒ ದೊವೂತೊ ಪ್ರೆಂದೆರೆ ದೂಯೆ ಆವ್ತೊಬುಸ್’. ಶುರು-ಕೊನೆ ಇರುವ ಅವಧಿ ಬಂದ ಕೂಡಲೇ ಕನ್ನಡವೂ ‘ಆಯಿತು’ಗೆ ತಿರುಗುತ್ತದೆ, ಇಟಾಲಿಯನ್ನೂ ತಿರುಗುತ್ತದೆ. ಈ ಹೊಂದಾಣಿಕೆ ಎಷ್ಟು ನಿಖರವೆಂದರೆ, ಇಲ್ಲಿ ನಿಯಮ ಬಾಯಿಪಾಠ ಮಾಡುವುದಕ್ಕಿಂತ ಕನ್ನಡ ಕಿವಿಯನ್ನು ನಂಬುವುದೇ ವಾಸಿ.

‘ದೊವೇವೊ’ಗೆ ಮೊದಲೇ ಗೊತ್ತುಮಾಡಿಕೊಂಡ ಕೆಲಸದ ಅರ್ಥವೂ ಇದೆ. ‘ದೊವೆವಾಮೊ ವೆದೆರ್ಚಿ ಅಲ್ಲೆ ಸೇಯ್’ ಎಂದರೆ ನಾವು ಆರಕ್ಕೆ ಸಿಗಬೇಕಿತ್ತು. ಇಲ್ಲಿ ಯಾರೂ ಯಾರನ್ನೂ ಬಲವಂತ ಮಾಡಿಲ್ಲ, ಹಾಗೆ ಮಾತಾಗಿತ್ತು ಅಷ್ಟೇ. ‘ದೊವೇವಿ ವೆದೇರೆ ಲ ಸೂವ ಫಾಚ್ಚ!’ ಎಂಬುದಂತೂ ನಮ್ಮ ‘ಅವನ ಮುಖ ನೀನು ನೋಡಬೇಕಿತ್ತು!’ ಎಂಬ ಉದ್ಗಾರವೇ.

ಒಂದೇ ‘ಬೇಕಿತ್ತು’, ಎರಡು ಇಟಾಲಿಯನ್

ಕನ್ನಡ ಕೈಕೊಡುವ ಮೊದಲ ಜಾಗ ಇದು. ‘ನೀನು ನನಗೆ ಹೇಳಬೇಕಿತ್ತು’ ಎಂಬುದಕ್ಕೆ ‘ದೊವೇವಿ ದೀರ್ಮೆಲೊ’ ಎನ್ನಬಹುದು, ‘ಅವ್ರೆಸ್ತಿ ದೊವೂತೊ ದೀರ್ಮೆಲೊ’ ಎಂದೂ ಎನ್ನಬಹುದು. ಎರಡನೆಯದು ಕೊಂದಿತ್ಸಿಯೊನಾಲೆ ಪಸ್ಸಾತೊ. ಅದು ಆಗಬೇಕಾಗಿದ್ದು ಆಗಲಿಲ್ಲ ಎಂಬುದನ್ನು ಒಳಗೇ ಇಟ್ಟುಕೊಂಡು ಬರುತ್ತದೆ. ಕನ್ನಡದಲ್ಲಿ ಈ ವ್ಯತ್ಯಾಸ ಕ್ರಿಯಾಪದದಲ್ಲಿಲ್ಲ, ದನಿಯಲ್ಲಿದೆ.

ಅದಕ್ಕೆ ನಾನು ಬಳಸುವುದು ‘ಛೆ’ ಪರೀಕ್ಷೆ. ಕನ್ನಡ ವಾಕ್ಯದ ಮುಂದೆ ‘ಛೆ’ ಹಾಕಿ ನೋಡಿ. ‘ಛೆ, ಛತ್ರಿ ತರಬೇಕಿತ್ತು’ ಸಹಜವಾಗಿ ಕೂಡುತ್ತದೆ, ಹಾಗಾಗಿ ‘ಅವ್ರೆಯ್ ದೊವೂತೊ ಪೊರ್ತಾರೆ ಲ್’ಒಂಬ್ರೆಲ್ಲೊ’. ‘ಅರ್ಜಿಯನ್ನು 8 ಕೆಲಸದ ದಿನಗಳೊಳಗೆ ಕೊಡಬೇಕಿತ್ತು, ಅದಕ್ಕೆ ಬಂದ ವಾರವೇ ಅಂಚೆ ಕಚೇರಿಗೆ ಹೋದೆವು’ ಎನ್ನುವಾಗ ‘ಛೆ’ಗೆ ಜಾಗವಿಲ್ಲ, ಅಲ್ಲಿ ‘ದೊವೆವಾಮೊ’. (ಇಟಲಿಗೆ ಓದಲು ಹೋಗುವವರಿಗೆ ಈ ವಾಕ್ಯ ನೇರವಾಗಿ ಬೇಕಾಗುತ್ತದೆ. ವಾಸದ ಪರವಾನಗಿ, ಅಂದರೆ ‘ಪೆರ್ಮೆಸ್ಸೊ ದಿ ಸೊಜ್ಜೋರ್ನೊ’ಗೆ, ದೇಶದೊಳಗೆ ಬಂದ 8 ಕೆಲಸದ ದಿನಗಳೊಳಗೆ ಅರ್ಜಿ ಹಾಕಬೇಕು.)

ಆಡುಮಾತಿನಲ್ಲಿ ಇಟಾಲಿಯನ್ನರು ಆಕ್ಷೇಪಣೆಗೂ ‘ದೊವೇವಿ’ಯನ್ನೇ ಧಾರಾಳವಾಗಿ ಬಳಸುತ್ತಾರೆ. ಅದು ತಪ್ಪಲ್ಲ. ಆದರೆ ತೂಕ ಬೇರೆ. ‘ದೊವೇವಿ ದೀರ್ಮೆಲೊ’ ನೇರವಾಗಿ ಬಂದು ತಾಗುವ ಮಾತು, ‘ಅವ್ರೆಸ್ತಿ ದೊವೂತೊ ದೀರ್ಮೆಲೊ’ ಸ್ವಲ್ಪ ಅಳೆದು ಆಡಿದ ಮಾತು. ಇನ್ನೂ ಮೃದುವಾಗಿ, ‘ಹೇಳಬಹುದಿತ್ತಲ್ಲ’ ಎಂಬ ಧಾಟಿಯಲ್ಲಿ ಹೇಳಲು ‘ಪೊತೇವಿ ದೀರ್ಮೆಲೊ’ ಇದೆ. ಕನ್ನಡದ ಬೇಕಿತ್ತು-ಬಹುದಿತ್ತು ಜೋಡಿಯೇ ಇಲ್ಲೂ ಕೆಲಸಕ್ಕೆ ಬರುತ್ತದೆ.

ಬಹುವಚನ ಕೊಟ್ಟು ಮಾತಾಡುವಾಗ ಒಂದು ಎಚ್ಚರ ಬೇಕು. ನಮ್ಮ ‘ನೀವು’ ಎಂಬ ಗೌರವಕ್ಕೆ ಇಟಾಲಿಯನ್‌ನಲ್ಲಿ ‘ಲೇಯ್’ ಬರುತ್ತದೆ, ಅದರ ಕ್ರಿಯಾಪದ ಪ್ರಥಮ ಪುರುಷ ಏಕವಚನ. ‘ದೊವೇವ ದೀರ್ಮೆಲೊ’ ಎಂದರೆ ನೀವು ಹೇಳಬೇಕಿತ್ತು ಎಂದೂ ಆಗಬಹುದು, ಅವನು ಅಥವಾ ಅವಳು ಹೇಳಬೇಕಿತ್ತು ಎಂದೂ ಆಗಬಹುದು. ಹಿರಿಯರೊಡನೆ ಅಥವಾ ಕಚೇರಿಯಲ್ಲಿ ಮಾತಾಡುವಾಗ ‘ಲೇಯ್’ ಎಂಬ ಪದವನ್ನು ಬಿಡದೆ ಹೇಳಿ, ‘ಲೇಯ್ ಅವ್ರೆಬ್ಬೆ ದೊವೂತೊ ದೀರ್ಮೆಲೊ’ ಎಂದರೆ ಗೊಂದಲವೂ ಇಲ್ಲ, ಒರಟೂ ಅನ್ನಿಸುವುದಿಲ್ಲ.

ಸಹಾಯಕ ಕ್ರಿಯಾಪದ: ಹೆಚ್ಚು ಜನ ಎಡವುವ ಕಲ್ಲು

‘ಒ ದೊವೂತೊ’ ಅನ್ನುವುದೋ ‘ಸೋನೊ ದೊವೂತೊ’ ಅನ್ನುವುದೋ? (‘ಒ’ ಎಂಬುದು ‘ಅವೇರೆ’ಯ ರೂಪ, ‘ಸೋನೊ’ ‘ಎಸ್ಸೆರೆ’ಯ ರೂಪ.) ನಿರ್ಧರಿಸುವುದು ದೊವೇರೆ ಅಲ್ಲ, ಅದರ ನಂತರ ಬರುವ ಕ್ರಿಯಾಪದ. ಆ ಕ್ರಿಯಾಪದ ಒಂಟಿಯಾಗಿದ್ದಾಗ ಯಾವ ಸಹಾಯಕ ತೆಗೆದುಕೊಳ್ಳುತ್ತದೋ ದೊವೂತೊ ಅದನ್ನೇ ಎರವಲು ಪಡೆಯುತ್ತದೆ. ‘ಒ ಮಂಜಾತೊ’ (ತಿಂದೆ), ಆದ್ದರಿಂದ ‘ಒ ದೊವೂತೊ ಮಂಜಾರೆ’. ‘ಸೋನೊ ಅಂದಾತೊ’ (ಹೋದೆ), ಆದ್ದರಿಂದ ‘ಸೋನೊ ದೊವೂತೊ ಅಂದಾರೆ’. ಅಂದಾರೆ, ವೆನೀರೆ, ಪರ್ತೀರೆ, ತೊರ್ನಾರೆ, ಉಷೀರೆ, ಸಲೀರೆ, ರೆಸ್ತಾರೆ: ಹೋಗು, ಬಾ, ಹೊರಡು, ಮರಳು, ಹೊರಗೆ ಹೋಗು, ಹತ್ತು, ಉಳಿ ಎಂಬ ಈ ಏಳನ್ನು ಮೊದಲು ಬಾಯಿಗೆ ಹತ್ತಿಸಿಕೊಂಡರೆ ದಿನಬಳಕೆಯ ಬಹುಪಾಲು ಮುಗಿಯುತ್ತದೆ.

ಇಟಾಲಿಯನ್ನರು ಮಾತಿನಲ್ಲಿ ‘ಒ ದೊವೂತೊ ಅಂದಾರೆ’ ಎನ್ನುವುದೂ ಕೇಳಿಬರುತ್ತದೆ. ಒತ್ತು ‘ಬೇಕಾಯಿತು’ ಎಂಬ ಬಲವಂತದ ಮೇಲೆ ಇದ್ದಾಗ ಅದನ್ನು ಒಪ್ಪುತ್ತಾರೆ. ಆದರೆ ತಿರುಗುಮುರುಗು ನಡೆಯುವುದಿಲ್ಲ: ‘ಸೋನೊ ದೊವೂತೊ ಮಂಜಾರೆ’ ಯಾವತ್ತೂ ತಪ್ಪು. ಬರವಣಿಗೆಯ ಪರೀಕ್ಷೆಗೆ ಕೂರುವವರಿಗೆ ನಾನು ಹೇಳುವುದು ‘ಸೋನೊ ದೊವೂತೊ ಅಂದಾರೆ’ಯನ್ನೇ ಹಿಡಿಯಿರಿ ಎಂದು. ಸಿಯೆನಾದ ವಿಶ್ವವಿದ್ಯಾಲಯದ ‘ಚಿಲ್ಸ್’ ಆಗಲಿ ಪೆರೂಜಾದ ‘ಚೇಲಿ’ ಆಗಲಿ, ಅಲ್ಲಿ ಈ ರೂಪದಿಂದ ಯಾರಿಗೂ ತಕರಾರಿರುವುದಿಲ್ಲ.

ಒಂದು ವಿಚಿತ್ರ ಹೊರತು: ನಂತರ ಬರುವ ಕ್ರಿಯಾಪದ ‘ಎಸ್ಸೆರೆ’ (ಇರು) ಆಗಿದ್ದರೆ ಸಹಾಯಕ ಅವೇರೆಯೇ. ‘ಒ ದೊವೂತೊ ಎಸ್ಸೆರೆ ಪತ್ಸಿಯೆಂತೆ’, ತಾಳ್ಮೆಯಿಂದ ಇರಬೇಕಾಯಿತು. ‘ಸೋನೊ ದೊವೂತೊ ಎಸ್ಸೆರೆ’ ಇಲ್ಲ. ಕರ್ಮಣಿ ಪ್ರಯೋಗಕ್ಕೂ ಇದೇ ಲೆಕ್ಕ, ಏಕೆಂದರೆ ಅಲ್ಲೂ ಎಸ್ಸೆರೆ ಕೂತಿರುತ್ತದೆ.

ಈಗ ಲಿಂಗ-ವಚನ. ‘ಸೋನೊ’ ಬಂದ ಕೂಡಲೇ ‘ದೊವೂತೊ’ ಕರ್ತೃವಿಗೆ ತಕ್ಕಂತೆ ಬದಲಾಗಬೇಕು. ಹೆಂಗಸು ಹೇಳಿದರೆ ‘ಸೋನೊ ದೊವೂತ ಅಂದಾರೆ’, ಗಂಡಸರು ಅಥವಾ ಮಿಶ್ರ ಗುಂಪಾದರೆ ‘ಸಿಯಾಮೊ ದೊವೂತಿ ಅಂದಾರೆ’, ಬರೀ ಹೆಂಗಸರಾದರೆ ‘ಸಿಯಾಮೊ ದೊವೂತೆ ಅಂದಾರೆ’. ಕನ್ನಡಿಗರಿಂದ ನಾನು ಅತಿ ಹೆಚ್ಚು ಕೇಳಿದ ತಪ್ಪು ‘ಮರೀಯ ಎ ದೊವೂತೊ ಅಂದಾರೆ’. ಇದರ ಬೇರು ನಮ್ಮ ಭಾಷೆಯಲ್ಲೇ ಇದೆ. ‘ಅವಳು ಹೋದಳು’ ಎನ್ನುವ ನಾವು ಕಟ್ಟುಪಾಡಿಗೆ ಬಂದರೆ ‘ಅವಳು ಹೋಗಬೇಕಾಯಿತು’ ಎನ್ನುತ್ತೇವೆ. ಆಯಿತು ಎಂಬುದು ನಪುಂಸಕ ಏಕವಚನದಲ್ಲಿ ಗಟ್ಟಿಯಾಗಿ ಕೂತುಬಿಟ್ಟ ರೂಪ. ಅವನು, ಅವಳು, ಅವರು, ನಾವು ಯಾರೇ ಆದರೂ ಅದು ಅಲುಗಾಡುವುದಿಲ್ಲ. ಆ ಅಭ್ಯಾಸದಿಂದಲೇ ನಾಲಿಗೆ ‘ದೊವೂತೊ’ವನ್ನೂ ಅಲುಗಾಡದ ರೂಪ ಎಂದು ಭಾವಿಸುತ್ತದೆ. ಉತ್ತಮ ಪುರುಷದಲ್ಲಿ ಇನ್ನೂ ಕಷ್ಟ, ‘ನಾನು ಹೋದೆ’ಯಲ್ಲಿ ಕನ್ನಡಕ್ಕೆ ಲಿಂಗವೇ ಇಲ್ಲ. ಹಾಗಾಗಿ ವಿದ್ಯಾರ್ಥಿನಿಯರು ‘ಸೋನೊ ದೊವೂತ’ವನ್ನು ಬಿಡಿಸದ ಒಂದೇ ಪದದಂತೆ, ಉಸಿರು ನಿಲ್ಲಿಸದೆ, ದಿನಕ್ಕೆ ಹತ್ತಿಪ್ಪತ್ತು ಸಲ ಬೇರೆ ಬೇರೆ ಕ್ರಿಯಾಪದಗಳೊಂದಿಗೆ ಹೇಳಿ ಕೂರಿಸಿಕೊಳ್ಳುವುದು ಒಳ್ಳೆಯದು. ವಿವರಣೆ ಓದಿ ಇದು ಬರುವುದಿಲ್ಲ.

ಇದಕ್ಕಿಂತ ನಾಜೂಕಿನದು ಚಿಕ್ಕ ಸರ್ವನಾಮಗಳ ಜಾಗ. ‘ಅಲ್ತ್ಸಾರ್ಸಿ’ (ಏಳು) ಎಂಬ ಆತ್ಮಾರ್ಥಕ ಕ್ರಿಯಾಪದ ತೆಗೆದುಕೊಳ್ಳಿ. ಸರ್ವನಾಮ ಮುಂದೆ ಬಂದರೆ ಎಸ್ಸೆರೆ: ‘ಮಿ ಸೋನೊ ದೊವೂತ ಅಲ್ತ್ಸಾರೆ ಅಲ್ಲೆ ಚಿಂಕ್ವೆ’. ಸರ್ವನಾಮ ನಂತರದ ಕ್ರಿಯಾಪದದ ಬಾಲಕ್ಕೆ ಅಂಟಿದರೆ ಅವೇರೆ: ‘ಒ ದೊವೂತೊ ಅಲ್ತ್ಸಾರ್ಮಿ ಅಲ್ಲೆ ಚಿಂಕ್ವೆ’. ಅರ್ಥ ಎರಡರದ್ದೂ ಒಂದೇ, ಐದಕ್ಕೆ ಏಳಬೇಕಾಯಿತು. ಕೆಡುವುದು ಎರಡನ್ನೂ ಬೆರೆಸಿ ‘ಸೋನೊ ದೊವೂತ ಅಲ್ತ್ಸಾರ್ಮಿ’ ಎಂದಾಗ. ಕನ್ನಡದಲ್ಲಿ ಇದಕ್ಕೆ ಸರಿಸಮವಾದದ್ದು ಏನೂ ಇಲ್ಲ. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು. ಲಿಂಗ-ವಚನದ ತಲೆನೋವು ಬೇಡ ಎನ್ನುವವರಿಗೆ ಎರಡನೆಯದು ಸುಲಭ, ಅಲ್ಲಿ ‘ದೊವೂತೊ’ ಬದಲಾಗುವುದಿಲ್ಲ.

ಕರ್ಮವನ್ನು ಸರ್ವನಾಮ ಮಾಡಿದಾಗಲೂ ಹೀಗೇ. ‘ಲ ಮುಲ್ತ’ (ದಂಡ) ಸ್ತ್ರೀಲಿಂಗ. ಅದನ್ನು ‘ಅದು’ ಮಾಡಿ ಮುಂದಕ್ಕೆ ತಂದರೆ ‘ಲೊ ದೊವೂತ ಪಗಾರೆ’. ಇಲ್ಲಿ ‘ಲೊ’ ಎಂದು ಕೇಳಿಸುವುದು ‘ಲ’ ಮತ್ತು ‘ಒ’ ಕೂಡಿದ್ದು, ಕಟ್ಟಿದವರು ಗಂಡಸೇ ಆದರೂ ದಂಡ ಸ್ತ್ರೀಲಿಂಗವಾದ್ದರಿಂದ ‘ದೊವೂತ’. ಬಾಲಕ್ಕೆ ಅಂಟಿಸಿದರೆ ‘ಒ ದೊವೂತೊ ಪಗಾರ್ಲ’, ಬದಲಾವಣೆಯಿಲ್ಲ.

ಬಾರದಿತ್ತು ಮತ್ತು ಬೇಕಾಗಿರಲಿಲ್ಲ

ನಿಷೇಧದಲ್ಲಿ ಕನ್ನಡ ಇಟಾಲಿಯನ್‌ಗಿಂತ ಸ್ಪಷ್ಟ, ಅದರಿಂದಲೇ ಅಪಾಯ. ‘ಕಟ್ಟಬಾರದಿತ್ತು’ ಎಂದರೆ ಕಟ್ಟಿದ್ದು ತಪ್ಪಾಯಿತು. ‘ಕಟ್ಟಬೇಕಾಗಿರಲಿಲ್ಲ’ ಎಂದರೆ ಕಟ್ಟುವ ಹೊಣೆ ಇರಲಿಲ್ಲ. ‘ಕಟ್ಟಬೇಕಾಗಿ ಬರಲಿಲ್ಲ’ ಎಂದರೆ ಆ ಸಂದರ್ಭವೇ ಒದಗಲಿಲ್ಲ, ಕಟ್ಟಲೂ ಇಲ್ಲ. ಮೂರೂ ಬೇರೆ. ಇಟಾಲಿಯನ್‌ನ ‘ನೊನ್ ದೊವೇವೊ ಪಗಾರೆ’ ಮಾತ್ರ ಮೊದಲಿನ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ, ಯಾವುದೆಂದು ಸಂದರ್ಭವೇ ಹೇಳಬೇಕು.

ಈ ಚೀಲವನ್ನು ಬಿಡಿಸಿ ಹೇಳಲು ನಾನು ಮೂರು ಗೂಟ ಹೊಡೆದುಕೊಂಡಿದ್ದೇನೆ. ಬಾರದಿತ್ತು ಎನ್ನಬೇಕಾದರೆ ‘ನೊನ್ ಅವ್ರೆಯ್ ದೊವೂತೊ ಪಗಾರೆ’. ಬೇಕಾಗಿರಲಿಲ್ಲ ಎನ್ನಬೇಕಾದರೆ ದೊವೇರೆಯನ್ನೇ ಕೈಬಿಟ್ಟು ‘ನೊನ್ ಚೇರ ಬಿಸೋಞ್ಞೊ ದಿ ಪಗಾರೆ’ (ಕಟ್ಟುವ ಅಗತ್ಯವಿರಲಿಲ್ಲ). ಬೇಕಾಗಿ ಬರಲಿಲ್ಲ ಎನ್ನಬೇಕಾದರೆ ‘ನೊನ್ ಒ ದೊವೂತೊ ಪಗಾರೆ’. ಹೀಗೆ ಹಂಚಿಕೊಂಡರೆ ಕೇಳುವವರಿಗೆ ಊಹೆಯ ಕೆಲಸ ಇರುವುದಿಲ್ಲ.

ಉಡುಗೊರೆ ಕೊಟ್ಟಾಗ ಇಟಾಲಿಯನ್ನರು ‘ನೊನ್ ದೊವೇವಿ!’ ಎನ್ನುತ್ತಾರೆ, ಗೌರವದಲ್ಲಾದರೆ ‘ನೊನ್ ದೊವೇವ!’. ಪದಪದಕ್ಕೆ ಅರ್ಥ ಹಚ್ಚಿ ‘ತರಬಾರದಿತ್ತು’ ಎಂದು ತಿಳಿದು ಮುಖ ಸಪ್ಪಗೆ ಮಾಡಿಕೊಳ್ಳಬೇಡಿ. ನಮ್ಮಲ್ಲಿ ‘ಇದೆಲ್ಲ ಯಾಕೆ ತರೋಕೆ ಹೋದ್ರಿ’ ಎನ್ನುತ್ತೇವಲ್ಲ, ಆ ಪ್ರೀತಿಯ ಮಾತು ಅದು.

ಹೋಗಿರಬೇಕು: ಭೂತಕಾಲ ಯಾರ ತಲೆಯ ಮೇಲೆ?

ಕಟ್ಟುಪಾಡನ್ನು ಹೇಳುವ ಪದವೇ ಊಹೆಯನ್ನೂ ಹೇಳುತ್ತದೆ, ಕನ್ನಡದಲ್ಲೂ ಇಟಾಲಿಯನ್‌ನಲ್ಲೂ. ‘ಹೋಗಬೇಕಾಯಿತು’ ಕಟ್ಟುಪಾಡು, ‘ಹೋಗಿರಬೇಕು’ ಊಹೆ. ವ್ಯತ್ಯಾಸ ಇರುವುದು ಭೂತಕಾಲದ ಗುರುತು ಎಲ್ಲಿ ಕೂತಿದೆ ಎಂಬುದರಲ್ಲಿ. ‘ಬೇಕು’ ಭೂತಕಾಲಕ್ಕೆ ಹೋದರೆ ಕಟ್ಟುಪಾಡು. ‘ಹೋಗು’ ಎಂಬುದು ‘ಹೋಗಿರ್’ ಆಗಿ, ‘ಬೇಕು’ ವರ್ತಮಾನದಲ್ಲೇ ಉಳಿದರೆ ಊಹೆ. ಇಟಾಲಿಯನ್ ಅಚ್ಚುಕಟ್ಟಾಗಿ ಇದೇ ದಾರಿಯಲ್ಲಿ ನಡೆಯುತ್ತದೆ: ‘ಎ ದೊವೂತೊ ಅಂದಾರೆ’ ಹೋಗಬೇಕಾಯಿತು, ‘ದೇವೆ ಎಸ್ಸೆರೆ ಅಂದಾತೊ’ ಹೋಗಿರಬೇಕು. ‘ಆ ದೊವೂತೊ ಮಂಜಾರೆ’ ತಿನ್ನಬೇಕಾಯಿತು, ‘ದೇವೆ ಅವೇರ್ ಮಂಜಾತೊ’ ತಿಂದಿರಬೇಕು.

ಆಗಿನ ಊಹೆಯನ್ನು ಈಗ ಹೇಳುವಾಗ ದೊವೇರೆ ಇಂಪೆರ್ಫೆತ್ತೊಗೆ ಸರಿಯುತ್ತದೆ. ‘ದೊವೇವ ಎಸ್ಸೆರೆ ಸ್ತಾಂಕೊ’, ಅವನು ಸುಸ್ತಾಗಿದ್ದಿರಬೇಕು. ಇದನ್ನು ‘ಸುಸ್ತಾಗಿರಬೇಕಿತ್ತು’ ಎಂದು ಓದಿದರೆ ಅನರ್ಥ. ಇನ್ನು ‘ಹೋಗಬೇಕಾಗಿ ಬಂದಿರಬೇಕು’ ಎಂದು ಕಟ್ಟುಪಾಡನ್ನೇ ಊಹಿಸುವುದಾದರೆ? ಎರಡು ದೊವೇರೆಗಳನ್ನು ಒಟ್ಟಿಗೆ ಪೋಣಿಸಲು ಹೋಗಬೇಡಿ. ಭವಿಷ್ಯತ್ತಿನ ರೂಪವೇ ಊಹೆಯ ಕೆಲಸ ಮಾಡುತ್ತದೆ: ‘ಸರಾ ದೊವೂತೊ ಅಂದಾರೆ ವೀಯ’.

‘ಎ ದೊವೂತೊ’ ನೋಡಿದಾಗಲೆಲ್ಲ ನಂತರ ಕ್ರಿಯಾಪದವೇ ಇದೆ ಎಂದೂ ಭಾವಿಸಬಾರದು. ‘ಇಲ್ ರಿತಾರ್ದೊ ಎ ದೊವೂತೊ ಅಲ್ಲೊ ಷೋಪೆರೊ’ ಎಂದರೆ ತಡವಾದದ್ದು ಮುಷ್ಕರದಿಂದ. ಇಲ್ಲಿ ಕಟ್ಟುಪಾಡು ಯಾರಿಗೂ ಇಲ್ಲ, ಕಾರಣ ಹೇಳುವ ಬಗೆ ಇದು. ನಂತರ ‘ಅ’ ಮತ್ತು ನಾಮಪದ ಇದ್ದರೆ ‘-ಇಂದ’, ಕ್ರಿಯಾಪದ ಇದ್ದರೆ ‘-ಬೇಕಾಯಿತು’.

ದೊವೇರೆ ಇಲ್ಲದೆಯೂ

ಕರ್ತೃವನ್ನು ಹೆಸರಿಸದೆ ‘ಮಾಡಬೇಕಿತ್ತು’ ಎನ್ನಲು ‘ಬಿಸೊಞ್ಞಾವ’ ಇದೆ: ‘ಬಿಸೊಞ್ಞಾವ ಫಾರೆ ಲ ಫೀಲ’, ಸಾಲಿನಲ್ಲಿ ನಿಲ್ಲಬೇಕಿತ್ತು. ನಮ್ಮ ‘ಬೇಕು’ ಹಾಗೆಯೇ ಇದು ಪುರುಷ-ವಚನಕ್ಕೆ ತಿರುಗುವುದಿಲ್ಲ, ಅದರಿಂದ ಕನ್ನಡಿಗರಿಗೆ ಬೇಗ ಒಗ್ಗುತ್ತದೆ. ಆದರೆ ‘ನಾನು’ ಸೇರಿಸಿ ‘ಇಯೊ ಬಿಸೊಞ್ಞಾವೊ’ ಎಂದು ಮಾಡಲು ಬರುವುದಿಲ್ಲ. ಇದರ ಕೂಡುರೂಪಗಳು ಬಳಕೆಯಲ್ಲಿ ತೀರ ಅಪರೂಪ, ‘ಬೇಕಾಯಿತು’ ಎನ್ನಲು ‘ಸಿ ಎ ದೊವೂತೊ’ಗೇ ಹೋಗಬೇಕು: ‘ಸಿ ಎ ದೊವೂತೊ ಅಸ್ಪೆತ್ತಾರೆ’, ಕಾಯಬೇಕಾಯಿತು.

ಮನಸ್ಸಿಲ್ಲದಿದ್ದರೂ ಪಾಲಿಗೆ ಬಂದ ಕೆಲಸಕ್ಕೆ ‘ಮಿ ಎ ತೊಕ್ಕಾತೊ’. ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂತು: ‘ಮಿ ಎ ತೊಕ್ಕಾತೊ ಲವಾರೆ ಇ ಪ್ಯಾತ್ತಿ’. ‘ನನಗೆ’ ಎಂಬ ಚತುರ್ಥಿ ಇದರೊಳಗೇ ಇದೆ, ಗೊಣಗಾಟದ ಛಾಯೆಯೂ ಇದೆ. ಕೆಲಸದ ಮೇಲಧಿಕಾರಿಗೆ ಬರೆಯುವ ಪತ್ರದಲ್ಲಿ ಹಾಕಬೇಡಿ. ಅಲ್ಲಿ ಬೇರೆ ದಾರಿಯೇ ಇರಲಿಲ್ಲ ಎನ್ನಲು ‘ಸೋನೊ ಸ್ತಾತೊ ಕೊಸ್ತ್ರೆತ್ತೊ ಅ ರಿಂವಿಯಾರೆ’ (ಮುಂದೂಡಲೇಬೇಕಾಯಿತು), ನಿಯಮದ ಪ್ರಕಾರ ಹೊಣೆ ಇತ್ತು ಎನ್ನಲು ‘ಏರೊ ತೆನೂತೊ ಅ ಪಗಾರೆ’. ಹೆಂಗಸಾದರೆ ‘ಸ್ತಾತ ಕೊಸ್ತ್ರೆತ್ತ’, ‘ತೆನೂತ’ ಆಗುತ್ತದೆ.

ಕಚೇರಿಯ ಕಾಗದಗಳಲ್ಲಿ ಕಣ್ಣಿಗೆ ಬೀಳುವ ಇನ್ನೊಂದು: ‘ಅಂದಾರೆ’ಗೆ ಭೂತಕೃದಂತ ಸೇರಿಸಿದ ರೂಪ. ‘ಲ ಮಾರ್ಕ ದ ಬೊಲ್ಲೊ ಅಂದಾವ ಅತ್ತಕ್ಕಾತ ಸುಲ್ ಮೋದುಲೊ’, ಅಂದರೆ ಮುದ್ರಾಂಕದ ಚೀಟಿಯನ್ನು (ಸಾಮಾನ್ಯವಾಗಿ 16 ಯೂರೊದ್ದು) ಅರ್ಜಿಯ ಮೇಲೆ ಅಂಟಿಸಬೇಕಿತ್ತು. ಇಲ್ಲಿ ‘ಹೋಗು’ವಿಗೂ ಅಂದಾವಕ್ಕೂ ಸಂಬಂಧವೇ ಇಲ್ಲ. ಈ ಪ್ರಯೋಗ ಸರಳ ಕಾಲರೂಪಗಳಲ್ಲಿ ಮಾತ್ರ ನಡೆಯುತ್ತದೆ. ‘ಎ ಅಂದಾತ ಅತ್ತಕ್ಕಾತ’ ಎಂದರೆ ಬೇಕಾಯಿತು ಎಂಬ ಅರ್ಥ ಬರುವುದಿಲ್ಲ.

ಅಂದರು, ಎಂದರು

ಬೇರೆಯವರ ಮಾತನ್ನು ವರದಿ ಮಾಡುವಾಗ ಕನ್ನಡ ಕಾಲವನ್ನು ಬದಲಾಯಿಸುವುದಿಲ್ಲ. ‘ನಾಳೆ ಬರಬೇಕು ಅಂದರು’ ಎಂದು ಆಡಿದ ಮಾತನ್ನು ಹಾಗೇ ಇಡುತ್ತೇವೆ. ಇಟಾಲಿಯನ್‌ನಲ್ಲಿ ‘ಮಿ ಆ ದೆತ್ತೊ ಕೆ ದೊವೇವೊ ತೊರ್ನಾರೆ ಇಲ್ ಜೋರ್ನೊ ದೋಪೊ’ ಎಂದು ಕಾಲವೂ ಸರಿಯಬೇಕು, ‘ನಾಳೆ’ಯೂ ‘ಮರುದಿನ’ವಾಗಬೇಕು. ‘ದೇವೊ ತೊರ್ನಾರೆ’ ಎಂದರೆ ಪೂರ್ತಿ ತಪ್ಪಲ್ಲ, ಆದರೆ ಆ ಹೊಣೆ ಇವತ್ತಿಗೂ ನನ್ನ ತಲೆಯ ಮೇಲಿದೆ ಎಂದಾಗುತ್ತದೆ. ಇಲ್ಲೇ ಇನ್ನೊಂದು ಬಲೆ: ‘ಆ ದೆತ್ತೊ ಕೆ ಸರೆಯ್ ದೊವೂತೊ ತೊರ್ನಾರೆ’ ಎಂದಾಗ ಆ ಕೊಂದಿತ್ಸಿಯೊನಾಲೆಯಲ್ಲಿ ‘ಛೆ’ ಇಲ್ಲ. ಆಗಿನ ಭವಿಷ್ಯ ಅದು, ‘ಮರಳಿ ಬರಬೇಕಾಗುತ್ತದೆ ಅಂದರು’.

ಅಭ್ಯಾಸ: ಒಂದು ಘಟನೆ, ನಾಲ್ಕು ವಾಕ್ಯ

ಬಿಡಿ ವಾಕ್ಯಗಳನ್ನು ಅನುವಾದಿಸುತ್ತ ಕೂತರೆ ಈ ರೂಪಗಳು ಒಂದರಿಂದೊಂದು ಬೇರೆಯಾಗುವುದಿಲ್ಲ. ಒಂದೇ ಘಟನೆಯನ್ನು ನಾಲ್ಕು ಕಡೆಯಿಂದ ಹೇಳಬೇಕು. ನೋಟ್‌ಬುಕ್‌ನಲ್ಲಿ ನಾಲ್ಕು ಅಂಕಣ ಎಳೆದು ಮೇಲೆ ಕನ್ನಡದಲ್ಲೇ ಬರೆಯಿರಿ: ‘ಬೇಕಿತ್ತು (ಗೊತ್ತಾಗಿದ್ದದ್ದು)’, ‘ಛೆ, ಬೇಕಿತ್ತು’, ‘ಬೇಕಾಯಿತು’, ‘ಇರಬೇಕು’.

ರೈಲಿನ ಟಿಕೆಟ್ ಒಳ್ಳೆಯ ಮಾದರಿ. ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್‌ಗೆ ಹತ್ತುವ ಮುಂಚೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಒತ್ತಿಸದೆ ಹತ್ತಿದ ಪ್ರಯಾಣಿಕನ ಬಾಯಲ್ಲಿ: ‘ದೊವೇವೊ ತಿಂಬ್ರಾರೆ ಇಲ್ ಬಿಲ್ಯೆತ್ತೊ, ಮ ನೊನ್ ಲೊ ಸಪೇವೊ’, ಮುದ್ರೆ ಒತ್ತಿಸಬೇಕಿತ್ತು, ನನಗೆ ಗೊತ್ತಿರಲಿಲ್ಲ. ‘ಅವ್ರೆಯ್ ದೊವೂತೊ ಕ್ಯೇದೆರೆ ಅ ಕ್ವಲ್ಕೂನೊ’, ಛೆ, ಯಾರನ್ನಾದರೂ ಕೇಳಬೇಕಿತ್ತು. ‘ಒ ದೊವೂತೊ ಪಗಾರೆ ಲ ಮುಲ್ತ’, ದಂಡ ಕಟ್ಟಬೇಕಾಯಿತು. ‘ಇಲ್ ಕೊಂತ್ರೊಲ್ಲೋರೆ ದೇವೆ ಎಸ್ಸೆರೆ ಸಲೀತೊ ಅ ಬೊಲೋಞ್ಞ’, ಟಿಕೆಟ್ ತಪಾಸಣೆಯವರು ಬೊಲೋನ್ಯಾದಲ್ಲಿ ಹತ್ತಿರಬೇಕು. ಇದೇ ನಾಲ್ಕನ್ನು ಆಮೇಲೆ ಹೆಂಗಸಿನ ಬಾಯಲ್ಲಿ, ಇಬ್ಬರ ಬಾಯಲ್ಲಿ, ‘ಲೇಯ್’ ಗೌರವದಲ್ಲಿ ತಿರುಗಿಸಿ. ಎರಡನೇ ಸುತ್ತಿನಲ್ಲಿ ‘ಕೇಳು’ವಿನ ಬದಲು ‘ಇಳಿ’ (ಷೆಂದೆರೆ) ಹಾಕಿ, ಆಗ ‘ಅವ್ರೆಯ್’ ‘ಸರೆಯ್’ ಆಗುವುದು ತಾನಾಗಿ ಬಾಯಿಗೆ ಬರುತ್ತದೆಯೇ ನೋಡಿ. ದಿನಕ್ಕೆ ಒಂದು ಘಟನೆ ಸಾಕು, ಒಂದೇ ಸಲಕ್ಕೆ ಹತ್ತು ಮಾಡಿದರೆ ಬೆರಳು ಬರೆಯುತ್ತದೆ, ತಲೆ ನಿದ್ದೆ ಮಾಡುತ್ತದೆ.

ಓದುವಾಗ ಸಿಗುವ ‘ದೊವೆತ್ತಿ’, ‘ದೊವೆತ್ತೆ’, ‘ದೊವೆತ್ತೆರೊ’ ಎಂಬ ಪಸ್ಸಾತೊ ರೆಮೋತೊ ರೂಪಗಳೂ ‘ಬೇಕಾಯಿತು’ಗಳೇ. ಉತ್ತರದ ಮಿಲಾನೊ, ತೊರೀನೊಗಳ ಮಾತಿನಲ್ಲಿ ಇವು ಹೆಚ್ಚುಕಡಿಮೆ ಇಲ್ಲ, ತೊಸ್ಕಾನದಲ್ಲೂ ದಕ್ಷಿಣದಲ್ಲೂ ಕಿವಿಗೆ ಬೀಳುತ್ತವೆ. ಗುರುತಿಸಲು ಬಂದರೆ ಸಾಕು.

ಕೊನೆಗೆ ಉಚ್ಚಾರದ ಒಂದು ಸಂಗತಿ. ‘ಅವ್ರೇಮೊ ದೊವೂತೊ’ ಎಂದರೆ ನಮಗೆ ಬೇಕಾಗಿ ಬಂದಿರಬೇಕು ಎಂಬ ಊಹೆ. ‘ಅವ್ರೆಮ್ಮೊ ದೊವೂತೊ’ ಎಂದರೆ ಛೆ, ನಾವು ಮಾಡಬೇಕಿತ್ತು. ನಡುವೆ ಇರುವುದು ಒಂದು ಮ-ಕಾರದ ಒತ್ತು. ಇಂಗ್ಲಿಷ್ ಕಿವಿಗೆ ಇದು ದಕ್ಕುವುದು ಕಷ್ಟ. ‘ಹಳಿ’, ‘ಹಳ್ಳಿ’ಗಳನ್ನು ಹುಟ್ಟಿನಿಂದ ಬೇರೆ ಮಾಡಿ ಕೇಳಿದ ಕಿವಿಗೆ ಕಷ್ಟವೇ ಇಲ್ಲ, ಒತ್ತಕ್ಷರದ ಹಿಂದಿನ ಸ್ವರವನ್ನು ಗಿಡ್ಡಮಾಡಿ, ತುಟಿಯನ್ನು ಮ-ಕಾರದ ಮೇಲೆ ಒಂದು ಗಳಿಗೆ ಹೆಚ್ಚು ಮುಚ್ಚಿಟ್ಟುಕೊಂಡರೆ ಆಯಿತು.